ತಳ ಒಡೆಯದ ಬಟ್ಟಲು

“ಥೂ! ಸತ್ತೋರನ್ನ ಹೂಳೋ ಜಾಗಾನೂ ತಿಪ್ಪೆ ಮಾಡ್ಕೊಂಡಿದಾವಲ್ಲ ಈ ಕರಿಮೂತಿಗಳು!”

ಹಾಗಂದು ಹೆದ್ದಾರಿ ಮಂಡಳಿಯ ಕ್ರೆನ್‌ಶಾ ನನ್ನ ಮಗಳ ಬಟ್ಟಲನ್ನು ಬೂಟಿನ ತುದಿಯಿಂದ ಒದ್ದ. ನೀಲಿ ಅಂಚಿನ ಪಿಂಗಾಣಿ ಬಟ್ಟಲು ಎರಡು ಸುತ್ತು ಉರುಳಿ, ಪಕ್ಕದ ಗೋರಿಯ ಮೇಲಿದ್ದ ಕೆಟ್ಟ ಗಡಿಯಾರಕ್ಕೆ ಬಡಿದು ನಿಂತಿತು. ಅವನ ಹಿಂದೆ ಅಳತೆಪಟ್ಟಿ ಹಿಡಿದಿದ್ದ ಗುಮಾಸ್ತರಿಬ್ಬರು ನಕ್ಕರು.

“ಅದು ಕಸ ಅಲ್ಲ ಸಾಮಿ,” ಅಂದೆ. “ನನ್ನ ಮಗಳು ಓರಾ ಲೀ ಮಲಗವ್ಳೆ ಅಲ್ಲಿ. ಆರು ವರ್ಸದ ಕೂಸು. ಕಡೇ ಸಲ ಹಾಲು ಕುಡ್ದಿದ್ದು ಅದ್ರಾಗೇಯ.”

“ಕಲ್ಲೆಲ್ಲಿದೆ?”

“ಕಲ್ಲು ಹಾಕ್ಸೋ ಅನುಕೂಲ ಇರ್ನಿಲ್ಲ ಸಾಮಿ.”

“ಕಲ್ಲಿಲ್ಲ ಅಂದ್ಮೇಲೆ ಗೋರೀನೂ ಇಲ್ಲ. ಮುರುಕು ಬಟ್ಲು ಇಟ್ಟ ಕಡೆಯೆಲ್ಲ ಗೋರಿ ಆಗೋ ಹಾಗಿದ್ರೆ ನಮ್ಮನೆ ಹಿತ್ತಲೂ ಸ್ಮಶಾನವೇ. ಸರಿ ಆ ಕಡೆ, ಮುದುಕಿ. ಪಟ್ಟಿಗೆ ಅಡ್ಡ ನಿಂತಿದೀಯ.”

ನನಗೆ ಆಗ ಮೂವತ್ತೆಂಟು. ಮುದುಕಿ ಅಂದದ್ದಕ್ಕೆ ಬೇಜಾರಾಗಲಿಲ್ಲ. ಬಿಳಿಯರ ಬಾಯಲ್ಲಿ ನಮ್ಮ ಹೆಂಗಸರು ಹುಟ್ಟುತ್ತಲೇ ಮುದುಕಿಯರು. ಕ್ರೆನ್‌ಶಾ ಜೇಬಿನಿಂದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಅವತ್ತು ಬೆಳಿಗ್ಗೆ ಆ ಕರವಸ್ತ್ರಕ್ಕೆ ಇಸ್ತ್ರಿ ಹಾಕಿದವಳು ನಾನು. ಹನ್ನೊಂದು ವರ್ಷದಿಂದ ಅವನ ಮನೆಯಲ್ಲಿ ಬೇಯಿಸಿ, ಬಡಿಸಿ, ದಿನಾ ಬೆಳಿಗ್ಗೆ ಅವನ ಮುಂದೆ ಕಾಫಿ ಇಟ್ಟವಳು ನಾನು. ಅವತ್ತು ಗುರುವಾರ, ಕೆಲಸದವರಿಗೆ ಮಧ್ಯಾಹ್ನದ ಮೇಲೆ ರಜೆ. ಏಪ್ರನ್ ಬಿಚ್ಚಿಟ್ಟು, ಹೂವಿನ ಫ್ರಾಕು ತೊಟ್ಟು, ತಲೆಗೆ ಹ್ಯಾಟು ಇಟ್ಟು ನಿಂತಿದ್ದೆ. ಮೂರು ಅಡಿ ದೂರದಿಂದ ನೇರವಾಗಿ ನನ್ನ ಮುಖ ನೋಡಿದ. ಗುರುತು ಹತ್ತಲಿಲ್ಲ.

“ಒಟ್ಟು ಮೂವತ್ತೊಂದು ಸಾರ್,” ಅಂತ ಗುಮಾಸ್ತ ಕೂಗಿದ. ಅದು ಕಲ್ಲುಗಳ ಲೆಕ್ಕ. ಕ್ರೆನ್‌ಶಾ ಬರೆದುಕೊಂಡ. ಓರಾ ಲೀ ಅನ್ನುವ ಹೆಸರು ಅವನ ಪುಸ್ತಕದಲ್ಲಿ ಬೀಳಲಿಲ್ಲ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರು ಕಡೆಯದಾಗಿ ಬಾಯಿಗಿಟ್ಟ ಬಟ್ಟಲನ್ನು ಗೋರಿಯ ತಲೆದೆಸೆಯಲ್ಲಿ ಇಡುತ್ತೇವೆ. ತಳ ಒಡೆದು ಇಡಬೇಕು. ಒಡೆದರೆ ಸಾವು ಅಲ್ಲಿಗೆ ಮುಗಿಯಿತು. ಇಡಿಯಾಗಿ ಬಿಟ್ಟರೆ ಸತ್ತವರು ಬಾಯಾರಿ ಮನೆಗೆ ತಿರುಗಿ ಬರುತ್ತಾರೆ, ಆ ಮನೆಯವರನ್ನು ಒಬ್ಬೊಬ್ಬರಾಗಿ ಕರೆದುಕೊಂಡು ಹೋಗುತ್ತಾರೆ. ಅದಕ್ಕೇ ಮಣ್ಣು ಮುಚ್ಚಿದ ಮೇಲೆ ಇಟ್ಟಿಗೆ ಚೂರಿನಿಂದ ಬಟ್ಟಲಿನ ತಳಕ್ಕೆ ಒಂದೇ ಒಂದು ಏಟು. ಆ ಏಟು ಹಾಕುತ್ತಿದ್ದವಳು ಸಿಸ್ಟರ್ ಮೊಜೆಲ್. ಎಪ್ಪತ್ತೆಂಟರ ಮುದುಕಿ, ಜೂಡಿತ್ ಸೋದರಿಯರು ಅನ್ನುವ ನಮ್ಮ ಹೆಂಗಸರ ಸಂಘಕ್ಕೆ ಹಿರಿಯಳು. ನಮ್ಮ ಕೇರಿ ಇಟ್ಟಿಗೆಗುಡ್ಡದಲ್ಲಿ ಯಾರ ಹೆಣ ಎದ್ದರೂ ಬಿಳಿ ಉಡುಪು, ಬಿಳಿ ಕೈಗವಸು, ಎದೆಗೆ ಅಡ್ಡಲಾಗಿ ನೇರಳೆ ಪಟ್ಟಿ ತೊಟ್ಟು ಮುಂದೆ ನಡೆಯುವವರು ನಾವು ಸೋದರಿಯರು.

ಗುಡ್ಡವನ್ನು ಕಟ್ಟಿದವರು ಮೊಜೆಲ್‌ಳ ತಾತನ ಕಾಲದವರು. ಗುಲಾಮಗಿರಿ ಕಳಚಿದ ಮರುವರ್ಷ, ಯಾರಿಗೂ ಬೇಡವಾದ ಕೆಮ್ಮಣ್ಣಿನ ದಿಬ್ಬದ ಮೇಲೆ ಗೂಡು ಹಾಕಿ ಇಟ್ಟಿಗೆ ಸುಟ್ಟರು. ಈ ಊರಿನ ಟೌನ್‌ಹಾಲು, ಕೋರ್ಟು ಎಲ್ಲಾ ನಮ್ಮ ಇಟ್ಟಿಗೆಯೇ. ಹಸಿ ಇಟ್ಟಿಗೆ ತಿರುವಿ ಹಾಕುತ್ತಿದ್ದ ಮಕ್ಕಳ ಬೆರಳ ಗುರುತು ಟೌನ್‌ಹಾಲಿನ ಗೋಡೆಯಲ್ಲಿ ಇವತ್ತಿಗೂ ಇದೆ. ಆ ಮಕ್ಕಳ ಮೊಮ್ಮಕ್ಕಳು ಅದರ ಮುಂಬಾಗಿಲಿನಿಂದ ಒಳಗೆ ಹೋಗುವ ಹಾಗಿಲ್ಲ. ಗುಡ್ಡದ ಮೇಲೆ ಮಾತ್ರ ನಮ್ಮದೇ ದರ್ಬಾರು. ಡಿಪೊ ಬೀದಿಯಲ್ಲಿ ನಮ್ಮವರದೇ ಪತ್ರಿಕೆ, ನಮ್ಮವರೇ ಡಾಕ್ಟರು, ಶುಕ್ರವಾರ ಸಂಜೆಯಾದರೆ ಮೀನು ಕರಿದ ವಾಸನೆ, ಮಹಡಿ ಮೇಲಿನ ಕುಣಿತದ ಕೋಣೆಯಲ್ಲಿ ತುತ್ತೂರಿಗಳ ಗಲಾಟೆ. ಊರೊಳಗೆ ನಾನು ಬರೀ ವರ್ಡೆಲ್. ಡಿಪೊ ಬೀದಿಗೆ ಕಾಲಿಟ್ಟರೆ ಕ್ಷೌರದಂಗಡಿಯವನು ಹ್ಯಾಟು ಎತ್ತಿ “ನಮಸ್ಕಾರ, ಮಿಸೆಸ್ ಪಿಕೆಟ್” ಅನ್ನುತ್ತಿದ್ದ. ದಿನವೆಲ್ಲ ಬಗ್ಗಿಸಿದ ಬೆನ್ನು ಅಲ್ಲಿ ತಾನಾಗಿ ನೆಟ್ಟಗಾಗುತ್ತಿತ್ತು.

ಆ ಗುಡ್ಡದ ನೆತ್ತಿಯ ಮೇಲೆ ಈಗ ಹೆದ್ದಾರಿ ಬರುತ್ತದಂತೆ. ಮೊದಲು ಸ್ಮಶಾನ, ಆಮೇಲೆ ಡಿಪೊ ಬೀದಿ. ಕಲ್ಲಿರುವ ಮೂವತ್ತೊಂದು ಗೋರಿಗಳನ್ನು ಮಾತ್ರ ಅಗೆದು ಹೊಳೆಯಾಚೆ ಸಾಗಿಸುತ್ತಾರಂತೆ. ಸಿಸ್ಟರ್ ಮೊಜೆಲ್‌ಗೆ ನಾನೂರ ಹನ್ನೆರಡು ಹೆಸರು ಬಾಯಿಪಾಠ ಇತ್ತು. ಯಾವ ಬಟ್ಟಲಿನ ಕೆಳಗೆ ಯಾರು ಅನ್ನುವುದನ್ನು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮರುದಿನವೇ ಎದೆಗೆ ಹೊಸ ನೇರಳೆ ಪಟ್ಟಿ ತೊಟ್ಟು ಟೌನ್‌ಹಾಲಿಗೆ ಹೋದಳು.

ಅಲ್ಲಿ ಏನಾಯಿತು ಅನ್ನುವುದು ನನಗೆ ಗೊತ್ತಾದದ್ದು ಕ್ರೆನ್‌ಶಾನ ಊಟದ ಮೇಜಿನಲ್ಲಿ, ಶನಿವಾರ ಬೆಳಿಗ್ಗೆ, ಮೊಟ್ಟೆ ಬಡಿಸುವಾಗ.

“ಒಂದು ಮುದುಕಿ ಬಂದಿತ್ತು ಕಣೇ ನಿನ್ನೆ,” ಅಂತ ಹೆಂಡತಿಗೆ ಹೇಳುತ್ತಿದ್ದ. “ಹಿಂಬಾಗಿಲಲ್ಲಿ ನಿಂತ್ಕೊಂಡು ಸತ್ತೋರ ಹೆಸರು ಹೇಳೋಕೆ ಶುರು ಮಾಡ್ತು. ಹತ್ತು ಆಯ್ತು, ಐವತ್ತು ಆಯ್ತು, ನಿಲ್ಲಿಸೋದೇ ಇಲ್ಲ! ನಮ್ಮ ಹುಡುಗರು ಬಿದ್ದು ಬಿದ್ದು ನಕ್ರು. ಕೊನೆಗೆ ಪೊಲೀಸ್ನೋನು ರಟ್ಟೆ ಹಿಡಿದು ಈಚೆ ದಬ್ಬಿದ. ಮೆಟ್ಲ ಮೇಲೆ ಬಿದ್ದುಕೊಂಡೂ ಹೆಸರು ಹೇಳ್ತಾನೇ ಇತ್ತು.” ಮೂಗಿನಲ್ಲಿ ಮಾತಾಡಿ ಮೊಜೆಲ್‌ಳ ಧ್ವನಿಯನ್ನು ಅಣಕಿಸಿ ತೋರಿಸಿದ.

“ಪಾಪ ಕಣ್ರೀ,” ಅಂದಳು ಹೆಂಡತಿ. “ಕೆಲಸ ಯಾವಾಗ ಶುರು?”

“ಇನ್ನೂ ಮೂರು ವಾರ ಇದೆ. ವರ್ಡೆಲ್, ಕಾಫಿ.”

ಅವನ ಬಟ್ಟಲು ಬೇರೆ. ಹಸಿರು ಅಂಚು, ಕಿವಿಯ ಹತ್ತಿರ ಉಗುರಿನಷ್ಟು ಮುಕ್ಕಾಗಿತ್ತು. ಬೇರೆ ಬಟ್ಟಲಲ್ಲಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಒಂದು ಹನಿ ಚೆಲ್ಲದ ಹಾಗೆ ಸುರಿದೆ. ಹನ್ನೊಂದು ವರ್ಷದ ಅಭ್ಯಾಸ.

ಊಟದ ಮೇಜಿನಲ್ಲಿ ಕಿವಿಗೆ ಬಿದ್ದ ಮಾತನ್ನು ನಾವು ಗುಡ್ಡದವರು ಪತ್ರಿಕೆಗಿಂತ ಹೆಚ್ಚು ನಂಬುತ್ತೇವೆ. ಬಿಳಿಯರು ನಮ್ಮೆದುರು ಮಾತು ಮುಚ್ಚಿಡುವುದಿಲ್ಲ. ಕುರ್ಚಿಯೆದುರು ಯಾರಾದರೂ ಮುಚ್ಚಿಡುತ್ತಾರೆಯೇ? ಸಂಜೆಯೊಳಗೆ ಮನೆಮನೆಗೂ ಹೇಳಿ ಬಂದೆ: ಮೂರು ವಾರ ಇದೆ, ನಾಳೆ ಬಿಟ್ಟು ಮುಂದಿನ ಭಾನುವಾರ ಎಲ್ಲರೂ ಸೇರಿ ನಮ್ಮವರ ಎಲುಬುಗಳನ್ನು ನಾವೇ ಎತ್ತಿಟ್ಟುಕೊಳ್ಳೋಣ. ಎಲ್ಲರೂ ಒಪ್ಪಿದರು.

ಮಂಗಳವಾರ ಬೆಳಿಗ್ಗೆಯೇ ಬುಲ್ಡೋಜರ್ ಬಂತು. ಗುಡ್ಡದ ಹೆಂಗಸರೆಲ್ಲ ಊರಿನ ಅಡುಗೆಮನೆಗಳಲ್ಲಿ, ಗಂಡಸರೆಲ್ಲ ರೈಲ್ವೆ ಯಾರ್ಡಿನಲ್ಲಿ. ನಾನು ಕ್ರೆನ್‌ಶಾನ ಮನೆಯ ಕಿಟಕಿಯಲ್ಲಿ ಬಟಾಣಿ ಸುಲಿಯುತ್ತಿದ್ದೆ. ದೂರದಲ್ಲಿ ಕೆಂಪು ಧೂಳು ಏಳುವುದು ಕಂಡಿತು. ಅದೇ ಹೊತ್ತಿಗೆ ಹಜಾರದಲ್ಲಿ ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಒಂದು ನರಪಿಳ್ಳೆಯ ತಕರಾರಿಲ್ಲ ಮೇಯರ್ ಸಾಹೇಬ್ರೇ! ಮೂರು ವಾರ ಅಂತ ಮನೇಲಿ ಊಟಕ್ಕೆ ಕೂತಾಗ ಒಂದು ಮಾತು ಬಿಟ್ಟೆ, ಅಷ್ಟೇ. ಸಂಜೆಯೊಳಗೆ ಇಡೀ ಗುಡ್ಡಕ್ಕೆ ಹಬ್ಬಿತ್ತು.”

ಬಟಾಣಿ ಕೈಯಿಂದ ಜಾರಿ ನೆಲದ ತುಂಬ ಉರುಳಿತು. ಅಡುಗೆಮನೆಗೆ ಕಿವಿ ಇದೆ ಅಂತ ಆ ಸೂಳೆಮಗನಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಇದೆ ಅನ್ನುವುದೊಂದು ಗೊತ್ತಿರಲಿಲ್ಲ. ನನ್ನ ಬಾಯಿಂದಲೇ ನನ್ನ ಜನಕ್ಕೆ ಸುಳ್ಳು ಹೇಳಿಸಿದ್ದ.

ಸಂಜೆ ಹೋಗಿ ನೋಡಿದರೆ ಅಲ್ಲಿ ಸ್ಮಶಾನವೇ ಇರಲಿಲ್ಲ. ಹದವಾಗಿ ಉತ್ತ ಹೊಲದ ಹಾಗೆ ಕೆಮ್ಮಣ್ಣು, ಅದರೊಳಗೆ ಸಾವಿರ ಪಿಂಗಾಣಿ ಚೂರು. ಕೆಲವರು ಕೈಯಲ್ಲೇ ಮಣ್ಣು ಕೆದಕುತ್ತಿದ್ದರು. ಒಬ್ಬಾಕೆ ದವಡೆ ಮೂಳೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಇದು ತನ್ನ ಅಪ್ಪನದೋ ಪಕ್ಕದವರದೋ ಅಂತ ಎಲ್ಲರನ್ನೂ ಕೇಳುತ್ತಿದ್ದಳು. ಕತ್ತಲಾಗುವ ತನಕ ಹುಡುಕಿದೆ. ಓರಾ ಲೀಯ ಬಟ್ಟಲಿನ ನೀಲಿ ಅಂಚಿನ ಚೂರೊಂದು ಸಿಕ್ಕಿತು. ಮಗಳು ಸಿಗಲಿಲ್ಲ.

ಅವತ್ತು ರಾತ್ರಿ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿದೆವು. ನಮ್ಮ ಪಾದ್ರಿ ರೆವರೆಂಡ್ ಲಫ್ಟನ್ ಬೆವರು ಒರೆಸಿಕೊಳ್ಳುತ್ತಾ, “ಸಮಾಧಾನ ತಂದುಕೊಳ್ಳಿ. ಸತ್ತವರ ಆತ್ಮ ಕರ್ತನ ಬಳಿ ಇದೆ, ಮಣ್ಣಿನಲ್ಲಲ್ಲ,” ಅಂದರು. “ಹೊಳೆಯಾಚೆ ನಮಗೆ ಹೊಸ ಚರ್ಚು ಕಟ್ಟಿಸಿಕೊಡೋದಾಗಿ ಮಂಡಳಿಯೋರು ಮಾತು ಕೊಟ್ಟಿದಾರೆ. ಈಗ ದುಡುಕಿದರೆ—”

“ನಿಮ್ಮವ್ವನ್ ಗೋರಿಗೆ ಕಲ್ಲಿತ್ತು, ಉಸಾರಾಗಿ ಹೊಳೆಯಾಚ್ಗೆ ಹೋಯ್ತು, ಅಲ್ವಾ ರೆವರೆಂಡೂ?” ಅಂತ ಹಿಂದಿನ ಬೆಂಚಿನಿಂದ ಟೂಕಿ ಕೇಳಿದಳು. ಜಡ್ಜ್ ಬೆಲ್ಚರ್ ಮನೆಯಲ್ಲಿ ಕೆಲಸ ಮಾಡುವ ಹುಡುಗಿ, ಬಾಯಿ ಜೋರು. “ಅದ್ಕೇ ಆತ್ಮದ ಮಾತು ಸಲೀಸಾಗಿ ಬತ್ತದೆ ಬಾಯಾಗೆ.”

ನಾನು ಎದ್ದು ನಿಂತೆ. “ನಾಳೆ ಅವ್ನ್ ಕಾಫೀಗೆ ಇಲಿಪಾಸಾಣ ಹಾಕ್ತೀನಿ,” ಅಂದೆ. ಹುಸಿ ಮಾತಲ್ಲ. ಡಬ್ಬಿ ಯಾವ ಗೂಡಿನಲ್ಲಿದೆ ಅಂತಲೂ ನೆನಪು ಮಾಡಿಕೊಂಡಿದ್ದೆ.

ಸಿಸ್ಟರ್ ಮೊಜೆಲ್‌ಳ ಕೆನ್ನೆಯಲ್ಲಿ ಮೆಟ್ಟಿಲಿಗೆ ಬಿದ್ದ ಗಾಯ ಇನ್ನೂ ಕಪ್ಪಗಿತ್ತು. ಊರುಗೋಲು ಕುಟ್ಟಿದಳು. “ಕೂತ್ಕೊಳವ್ವ ವರ್ಡೆಲ್. ಇಸ ಹಾಕುದ್ರೆ ಅವ್ನು ಒಂದೇ ಸಲ ಸಾಯ್ತಾನೆ. ಆಮ್ಯಾಕೆ ನಿನ್ನೂ ನೇಣಿಗಾಕ್ತಾರೆ, ದಾರೀಲಿ ಸಿಕ್ಕಿದ್ ನಮ್ ಹುಡುಗ್ರುನ್ನೂ ಮರಕ್ಕೆ ನೇತಾಕ್ತಾರೆ. ಅಂಗ್ ಬ್ಯಾಡ. ಜೀವ ಇರಗಂಟ ದಿನಾ ಬೆಳಿಗ್ಗೆ ಬಟ್ಲು ಎತ್ತುದಾಗೆಲ್ಲ ಅವ್ನು ಸಾಯ್ಬೇಕು. ಬಟ್ಲು ಮಡುಗುದ್ ಕಡೆಯೆಲ್ಲ ಗೋರಿಯಾಯ್ತದಾ ಅಂದ್ನಂತಲ್ಲ? ಆಯ್ತದೋ ಇಲ್ವೋ ನೋಡೇಬುಡನ.”

ಏನು ಮಾಡಬೇಕು ಅಂತ ಹೇಳಿದಳು. ಬದುಕಿರುವವರ ಬಟ್ಟಲನ್ನು ಸತ್ತವರ ಬಟ್ಟಲಿನ ಹಾಗೆ ಇಡುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡುವ ಮಾತೂ ಅಲ್ಲ.

“ಪಾಪ ಅದು!” ಅಂದರು ರೆವರೆಂಡ್.

“ಔದು,” ಅಂದಳು ಮೊಜೆಲ್. “ನನ್ ಲೆಕ್ಕುಕ್ಕೆ ಬರ್ಕೊಳ್ಳಿ.”

ಬುಧವಾರ ಬೆಳಿಗ್ಗೆಯ ಐದೂವರೆ ಬಸ್ಸು. ಹಿಂದಿನ ಸೀಟುಗಳ ತುಂಬ ಕೆಲಸದ ಹೆಂಗಸರು. ಸೀಟಿನಿಂದ ಸೀಟಿಗೆ ಮಾತು ಹೋಯಿತು.

“ನಮ್ ದಣಿ ಕಾಫೀನೇ ಕುಡಿಯಾಕಿಲ್ಲ ಕಣಕ್ಕ, ಬರೀ ಹಾಲು.”

“ಹಾಲಿಂದೇ ತಗಬಾ. ಸಾವ್ಗೆ ಕಾಫಿಯೇನು, ಹಾಲೇನು!”

“ನಾ ಒಲ್ಲೆ ಕಣ್ರವ್ವ,” ಅಂತ ವಯಸ್ಸಾದವಳೊಬ್ಬಳು ಕಣ್ಣು ಒರೆಸಿಕೊಂಡಳು. “ಎದೆಹಾಲು ಕೊಟ್ಟು ಸಾಕಿವ್ನಿ ನಮ್ ದಣೀನ.”

“ನಿನ್ ಹಾಲು ಕುಡ್ದೋನೆಯಾ ಮಂಡಳೀಲಿ ಕೂತು ರುಜು ಹಾಕಿರೋನು,” ಅಂದಳು ಟೂಕಿ. ಗುರುವಾರ ಆಕೆಯೂ ಬಟ್ಟಲು ತಂದಳು.

ಗುರುವಾರ ಮೂರು ಗಂಟೆಗೆ ಟೌನ್‌ಹಾಲಿನ ಮುಂದಿನ ಹುಲ್ಲುಹಾಸಿನಲ್ಲಿ ಹೆದ್ದಾರಿಯ ಶಂಕುಸ್ಥಾಪನೆ. ನಮ್ಮ ರಜೆಯ ಹೊತ್ತಿಗೇ ಇಟ್ಟುಕೊಂಡಿದ್ದಾರಲ್ಲ, ಬಂದವರಿಗೆ ಬಡಿಸುವವರು ಯಾರು ಅಂತ ಅಮ್ಮಾವ್ರು ಬೆಳಿಗ್ಗೆಯಿಂದ ಗೊಣಗುತ್ತಿದ್ದರು. ಕ್ರೆನ್‌ಶಾ ಹಸಿರಂಚಿನ ಬಟ್ಟಲಲ್ಲಿ ಎರಡು ಸಲ ಕಾಫಿ ಕುಡಿದು ಎದ್ದ. ತಳದಲ್ಲಿ ಕಾಫಿಯ ಕಲೆ ಉಳಿದಿತ್ತು. ತೊಳೆಯಲಿಲ್ಲ. ಬಟ್ಟೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಆಗ ಅವನ ಮಗಳು ಲೋರ್ನಾ, ಒಂಬತ್ತು ವರ್ಷದವಳು, ಜಡೆ ಹಾಕು ಅಂತ ಬೆನ್ನು ಕೊಟ್ಟು ನಿಂತಳು. ಸಮಾರಂಭದಲ್ಲಿ ಮೇಯರಿಗೆ ಹೂಗುಚ್ಛ ಕೊಡುವವಳು ಅವಳೇ. ಹುಟ್ಟಿದಾಗಿನಿಂದ ಅವಳ ತಲೆ ಬಾಚಿದವಳು ನಾನು. ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಚೆನ್ನಾಗಿಯೇ ಜಡೆ ಹಾಕಿ ರಿಬ್ಬನ್ ಕಟ್ಟಿದೆ. ಓರಾ ಲೀಯ ತಲೆಯನ್ನೂ ಹೀಗೇ ಬಾಚುತ್ತಿದ್ದೆ.

ಎರಡೂಮುಕ್ಕಾಲಿಗೆ ನಾವು ಡಿಪೊ ಬೀದಿಯಿಂದ ಹೊರಟೆವು. ಅರವತ್ತೇಳು ಹೆಂಗಸರು, ಎಲ್ಲರೂ ಬಿಳಿ ಉಡುಪು, ನೇರಳೆ ಪಟ್ಟಿ, ಹೆಣದ ಮುಂದೆ ನಡೆಯುವ ಅದೇ ನಿಧಾನದ ನಡಿಗೆ. ಹೆಣ ಮಾತ್ರ ಇರಲಿಲ್ಲ. ಸಮಾರಂಭಕ್ಕೆ ಹಾಡಲು ಬಂದಿದ್ದೇವೆ ಅಂದುಕೊಂಡು ಪೊಲೀಸಿನವನು ದಾರಿ ಬಿಟ್ಟ. ವೇದಿಕೆಯ ಮುಂದೆ ಹುಲ್ಲಿನ ಮೇಲೆ ಸಾಲಾಗಿ ಮಂಡಿಯೂರಿದೆವು. ಸಿಸ್ಟರ್ ಮೊಜೆಲ್ ಒಂದೊಂದೇ ಹೆಸರು ಹೇಳಿದಳು. ಈ ಸಲ ಬೇರೆ ಹೆಸರುಗಳು.

“ಮೇಯರ್ರು.” ಒಬ್ಬಳು ಬಟ್ಟಲು ಇಟ್ಟಳು, ತಳಕ್ಕೆ ಇಟ್ಟಿಗೆ ಚೂರಿನ ಏಟು. ಟಪ್.

“ಬ್ಯಾಂಕಿನ್ ಯಜಮಾನ್ರು.” ಟಪ್.

“ಜಡ್ಜ್ ಬೆಲ್ಚರ್ರು.” ಟೂಕಿ ಚಿನ್ನದಂಚಿನ ಬಟ್ಟಲು ಇಟ್ಟಳು. ಟಪ್.

ವೇದಿಕೆಯ ಮೇಲೆ ಮೊದಲು ನಕ್ಕರು. “ಇದೇನಿದು, ಸಂತೆ ಹೂಡಿದ್ರಾ?” ಅಂದ ಕ್ರೆನ್‌ಶಾ. ನಗದವನು ಒಬ್ಬನೇ, ಜಡ್ಜ್ ಬೆಲ್ಚರ್. ಅವನನ್ನು ಸಾಕಿದವಳು ಗುಡ್ಡದ ದಾದಿ. ಅವಳ ಮಣ್ಣಿಗೂ ಹೋಗಿದ್ದನಂತೆ. ತನ್ನ ಬಟ್ಟಲು ಕಂಡದ್ದೇ ಮುಖ ಸುಣ್ಣವಾಯಿತು, ಕೈ ಕುರ್ಚಿಯನ್ನು ಹುಡುಕಿತು. “ತೆಗೆಸ್ರಿ ಅದನ್ನ,” ಅಂದ. “ಯಾರಾದ್ರೂ ತೆಗೀರಿ ಮೊದ್ಲು!”

ನೆಲ ಅಗೆಯಲು ಸನಿಕೆ ಹಿಡಿದು ನಿಂತಿದ್ದ ಕೂಲಿಗಳೆಲ್ಲ ಗುಡ್ಡದವರು. ಒಬ್ಬನೂ ಕದಲಲಿಲ್ಲ. ಪೊಲೀಸಿನವನು ಬಗ್ಗಿದವನು ಜಡ್ಜ್‌ನ ಮುಖ ನೋಡಿ ಹಾಗೇ ನೆಟ್ಟಗಾದ. ಜಡ್ಜ್ ಪಕ್ಕದವನಿಗೆ ಪಿಸುಗುಟ್ಟಿದ. ಆ ಪಿಸುಮಾತು ಕುರ್ಚಿಯಿಂದ ಕುರ್ಚಿಗೆ ಹೋದ ಹಾಗೆ ನಗು ಆರುತ್ತಾ ಬಂತು. ಹೆಂಗಸರು ಮಕ್ಕಳನ್ನು ಹತ್ತಿರ ಎಳೆದುಕೊಂಡರು.

“ಮಿಸ್ಟರ್ ಕ್ರೆನ್‌ಶಾ,” ಅಂದಳು ಮೊಜೆಲ್.

ಕಟ್ಟಕಡೆಯದು. ಹಸಿರಂಚಿನ ಬಟ್ಟಲನ್ನು ಹುಲ್ಲಿನ ಮೇಲೆ ಇಟ್ಟೆ. ಇಟ್ಟಿಗೆ ಚೂರು ಕೈಯಲ್ಲಿತ್ತು. ಏಟು ಹಾಕಲಿಲ್ಲ.

ಅವನು ವೇದಿಕೆ ಇಳಿದು ಬಂದ. ಮೊದಲು ಬಟ್ಟಲಿನ ಗುರುತು ಹಿಡಿದ, ಆಮೇಲೆ ಬೆಳಗಿನ ಕಾಫಿಯ ಕಲೆಯ ಗುರುತು. ಕಡೆಗೆ ತಲೆಯೆತ್ತಿ ನನ್ನನ್ನು ನೋಡಿದ.

“ವರ್ಡೆಲ್?” ಅಂದ. “ಇದು… ನನ್ನದಲ್ವಾ?”

“ಕಸ ಸಾಮಿ. ಬೇಕಾದ್ರೆ ಒದೀರಿ.”

ಕಾಲು ಏಳಲಿಲ್ಲ. ಹಿಂದಿನಿಂದ ಜಡ್ಜ್ ಕೂಗಿದ: “ಅದರ ತಳ ಒಡೆದಿಲ್ಲ ಕ್ರೆನ್‌ಶಾ! ಒಡೆಸು. ಅವಳ ಕೈಯಲ್ಲೇ ಒಡೆಸಬೇಕು, ನೀನು ಮುಟ್ಟಬೇಡ. ಇಡಿಯಾಗಿ ಬಿಟ್ಟರೆ ನೀನೊಬ್ಬನೇ ಅಲ್ಲ, ಮನೆಮಂದಿಯೆಲ್ಲ…” ಮುಂದಿನ ಮಾತು ನುಂಗಿಕೊಂಡ. ಲೋರ್ನಾ ಹೂಗುಚ್ಛ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಕಟ್ಟಿದ ರಿಬ್ಬನ್ ಗಾಳಿಗೆ ಆಡುತ್ತಿತ್ತು.

ಕ್ರೆನ್‌ಶಾ ಮಗಳನ್ನು ನೋಡಿದ, ಬಟ್ಟಲನ್ನು ನೋಡಿದ. ಇಂಥದ್ದನ್ನೆಲ್ಲ ನಂಬುವವನಲ್ಲ ಅವನು. ನಾನೂ ಪೂರ್ತಿ ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಅವನ ಕೆಳತುಟಿ ಅದುರುವುದನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಡಿದೆ. ಕಣ್ತುಂಬ ನೋಡಿದೆ.

“ಒಡಿ,” ಅಂದ. ಇಟ್ಟಿಗೆ ಚೂರನ್ನು ಮಡಿಲಲ್ಲಿ ಇಟ್ಟುಕೊಂಡೆ. “ಒಡಿಯೇ, ವರ್ಡೆಲ್.” ಊರಿನ ದೊಡ್ಡ ಮನುಷ್ಯರೆಲ್ಲ ನೋಡುತ್ತಿದ್ದರು. “ಒಡೀರಿ… ಮಿಸೆಸ್ ಪಿಕೆಟ್. ದಮ್ಮಯ್ಯ.”

ಡಿಪೊ ಬೀದಿಯವರು ಮಾತ್ರ ಕರೆಯುತ್ತಿದ್ದ ಹೆಸರು ಅದು. ವಾರದ ಸಂಬಳದ ಚೀಟಿಯ ಮೇಲಿನಿಂದ ನೆನಪಿಗೆ ಬಂದಿರಬೇಕು.

“ಒಡೀತೀನಿ ಸಾಮಿ,” ಅಂದೆ. “ಹೋದ್ ಗುರ್ವಾರ ನೀವು ಬೂಟಲ್ಲಿ ಒದ್ರಲ್ಲ, ಆ ಬಟ್ಲು ಯಾರ್ದು? ಅದ್ರಾಗ್ ಹಾಲು ಕುಡ್ದ ನನ್ ಕೂಸಿನ್ ಹೆಸ್ರೇನು? ನಿಮ್ಮೆದ್ರುಗೇ ಹೇಳಿವ್ನಿ. ಅದೊಂದೇಳಿ, ಒಡ್ದುಬುಡ್ತೀನಿ.”

ಹೋದ ಗುರುವಾರ ಹೂವಿನ ಫ್ರಾಕು ತೊಟ್ಟು ನಿಂತಿದ್ದವಳು ನಾನೇ ಅನ್ನುವುದು ಅವನಿಗೆ ಹೊಳೆದದ್ದು ಆಗಲೇ. ಹೆಂಡತಿಯ ಕಡೆ ತಿರುಗಿದ. ಅವಳು ನೆಲ ನೋಡಿದಳು. ಗುಮಾಸ್ತರ ಕಡೆ ತಿರುಗಿದ. ಪುಸ್ತಕದಲ್ಲಿ ಮೂವತ್ತೊಂದು ಹೆಸರಿತ್ತು, ಅದರೊಳಗೆ ಇದಿರಲಿಲ್ಲ. ಅರವತ್ತೇಳು ಹೆಂಗಸರು ಮಂಡಿಯೂರಿದಲ್ಲೇ ಕಾಯುತ್ತಿದ್ದರು.

“ಮೇರಿ…?” ಅಂದ.

ನಾನು ಇಟ್ಟಿಗೆ ಚೂರನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.